ತಂಗುದಾಣಗಳ ಆಯ್ಕೆ

ಬರುವ ಡಿಸೆಂಬರಿನಲ್ಲಿ ನಮ್ಮ ಮನೆಯ ಚಿಕ್ಕ ದೋಣಿಯಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಹೋಗಬೇಕೆಂದು ಗೆಳೆಯರೊಡನೆ ನಿಶ್ಚಯವಾಗಿದೆ. ಆದರೆ ತಂಗುವ ಸ್ಥಳಗಳನ್ನು ಅವರು ಆರಿಸಿದ ರೀತಿ ನನಗೊಪ್ಪಿಗೆಯಿಲ್ಲ. ನೋಟದ ಸೊಬಗೊಂದೇ ಅವರ ಅಳತೆಗೋಲು.

ಪಟ್ಟಿಯಲ್ಲಿ ಒಂದು ರಾತ್ರಿ ನೇತ್ರಾಣಿಗೆ ಮೀಸಲಾಗಿದೆ. ಮುರ್ಡೇಶ್ವರದಾಚೆಯ ಆ ದ್ವೀಪ ರಮ್ಯವಾದುದೇನೋ ನಿಜ. ಆದರೆ ಕಡಿದಾದ ಬಂಡೆ, ಸುತ್ತಲೂ ತೆರೆದ ಕಡಲು. ರಾತ್ರಿ ಗಾಳಿ ತಿರುಗಿದರೆ ದೋಣಿಗೆ ಮರೆಯೆಲ್ಲಿ? ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪವೂ ಹಗಲು ನೋಡತಕ್ಕದ್ದೇ ಹೊರತು ಇರುಳು ತಂಗತಕ್ಕದ್ದಲ್ಲ.

ನಮ್ಮ ಕರಾವಳಿಯಲ್ಲಿ ಸಣ್ಣ ದೋಣಿಗೆ ಆಶ್ರಯವೆಂದರೆ ಬಹುಮಟ್ಟಿಗೆ ನದಿಯ ಅಳಿವೆಗಳೇ: ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ. ಅಲ್ಲಿಯೂ ಬಾಯಲ್ಲಿ ಮರಳದಿಬ್ಬ ಕೂಡುತ್ತದೆ; ಮಳೆಗಾಲ ಕಳೆಯುವಷ್ಟರಲ್ಲಿ ಅದು ಜಾಗ ಬದಲಿಸಿರಬಹುದು. ಆದ್ದರಿಂದ ಹಗಲಿನಲ್ಲಿ, ನೀರೇರುವ ಹೊತ್ತಿನಲ್ಲಿ, ಊರಿನ ಮೀನುಗಾರರನ್ನು ಕೇಳಿಯೇ ಒಳಹೊಗಬೇಕು.

ದಿನದ ದಾರಿಯೂ ಮಿತವಾಗಿರಲಿ. ಮಂಗಳೂರಿನಿಂದ ಮಲ್ಪೆಗೆ ಸುಮಾರು 30 ನಾಟಿಕಲ್ ಮೈಲು. ಗಂಟೆಗೆ 5 ಮೈಲಿನಂತೆ 6 ಗಂಟೆ. ನಸುಕಿನಲ್ಲಿ ನೆಲದ ಕಡೆಯಿಂದ ಗಾಳಿ ಬೀಸುವಾಗಲೇ ಹೊರಟರೆ, ಮಧ್ಯಾಹ್ನದ ವಾಯವ್ಯದ ಎದುರುಗಾಳಿ ಬಲಿಯುವ ಮುನ್ನ ಸೇರಬಹುದು. ಅದಕ್ಕಿಂತ ದೂರದ ತಂಗುದಾಣ ಕತ್ತಲೆಯಲ್ಲಿ ಅಳಿವೆ ಹುಡುಕಿಸೀತು.

ಮೊದಲು ದೋಣಿ ಕಟ್ಟುವ ಜಾಗ, ಆಮೇಲೆ ದೇವಾಲಯ, ದ್ವೀಪ, ದೀಪಸ್ತಂಭ ಎಂಬುದೇ ನನ್ನ ಅಭಿಪ್ರಾಯ. ಇದನ್ನು ಪುಕ್ಕಲುತನವೆಂದು ನಕ್ಕ ಗೆಳೆಯರಿದ್ದಾರೆ. ದೋಣಿ ಬಾರದ ಸಂಜೆಗಳಲ್ಲಿ ಅವ್ವ ದಡದಲ್ಲಿ ನಿಂತು ಕಾಯುತ್ತಿದ್ದುದನ್ನು ನೋಡಿ ಬೆಳೆದ ನನಗೆ ಮಾತ್ರ ಆ ನಗೆಯಲ್ಲಿ ಪಾಲುಗೊಳ್ಳಲಾಗಲಿಲ್ಲ.