ಊತವಿಲ್ಲ ಎಂದರೆ ಅಡ್ಡಿಯಿಲ್ಲ ಎಂದಲ್ಲ

ಕ್ಯಾನ್ಸರ್ ರೋಗಿಯ ಫೈಲಿನಲ್ಲಿ ಎಲ್ಲರೂ ಸುಲಭವಾಗಿ ನಂಬಿಬಿಡುವ ಒಂದು ಸಾಲಿದೆ: 'ಎರಡೂ ಕಿಡ್ನಿಗಳು ನಾರ್ಮಲ್.' ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿದ್ದರೂ ಈ ಸಾಲು ಕಂಡೊಡನೆ ಮನೆಯವರಿಗೆ ಸಮಾಧಾನ, ಕೆಲವೊಮ್ಮೆ ವೈದ್ಯರಿಗೂ. ಆ ಸಮಾಧಾನವನ್ನೇ ಪ್ರಶ್ನಿಸಬೇಕಿದೆ.

ಅಲ್ಟ್ರಾಸೌಂಡ್ ಮುಖ್ಯವಾಗಿ ತೋರಿಸುವುದು ಆಕಾರವನ್ನು, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಮೂತ್ರನಾಳ ಕಟ್ಟಿಕೊಂಡರೆ ಅದರ ಮೇಲ್ಭಾಗ ಹಿಗ್ಗುತ್ತದೆ, ಕಿಡ್ನಿಯೊಳಗೆ ಮೂತ್ರ ನಿಂತು ಊತ ಕಾಣುತ್ತದೆ, ಇದೇ ಹೈಡ್ರೋನೆಫ್ರೋಸಿಸ್. ಸಾಮಾನ್ಯ ಲೆಕ್ಕ ಇದು. ಕ್ಯಾನ್ಸರ್ ಈ ಲೆಕ್ಕವನ್ನು ತಪ್ಪಿಸಬಲ್ಲದು. ಹೊಟ್ಟೆಯ ಹಿಂಬದಿಗೆ ಹರಡಿದ ಗಡ್ಡೆ ನಾಳವನ್ನು ಸುತ್ತಲೂ ಬಿಗಿದರೆ ಅದು ಹಿಗ್ಗಲು ಜಾಗವೇ ಇರುವುದಿಲ್ಲ. ವಾಂತಿಯಾಗಿ ನೀರು ಕಳೆದುಕೊಂಡ ದೇಹದಲ್ಲಿ ಹಿಗ್ಗಿಸುವಷ್ಟು ಮೂತ್ರವಿರುವುದಿಲ್ಲ. ಅಡ್ಡಿಯ ಮೊದಲ ಒಂದೆರಡು ದಿನ ಊತ ಕಾಣದೆಯೂ ಇರಬಹುದು.

ಇದರ ವಿರುದ್ಧವೂ ನಿಜ. ತುಂಬಿದ ಮೂತ್ರಕೋಶ, ಕಿಡ್ನಿಯ ನಡುಭಾಗದ ನೀರುಗುಳ್ಳೆಗಳು, ಸ್ಟೆಂಟ್‌ನೊಳಗಿಂದ ಹಿಮ್ಮುಖವಾಗಿ ಏರುವ ಮೂತ್ರ, ಇವೆಲ್ಲ ಅಡ್ಡಿಯಿಲ್ಲದೆಯೂ ಊತದಂತೆ ಕಾಣುತ್ತವೆ. ಇದು ಬರಿಯ ಪದಗಳ ಜಗಳವಲ್ಲ. ಗರ್ಭಕಂಠದ ಕ್ಯಾನ್ಸರಿನಲ್ಲಿ, ಬೇರೆ ಕಾರಣ ಗೊತ್ತಿಲ್ಲದ ಹೈಡ್ರೋನೆಫ್ರೋಸಿಸ್ ಇದ್ದರೆ ಫಿಗೋ ವರ್ಗೀಕರಣದ ಪ್ರಕಾರ ಕಾಯಿಲೆ ಕನಿಷ್ಠ 3ಬಿ ಹಂತದ್ದು. ಅದೇ ಕ್ಯಾನ್ಸರಿಗೆ ಕೊಡುವ ಸಿಸ್ಪ್ಲಾಟಿನ್ ಔಷಧಿಯೋ ಕಿಡ್ನಿಯ ಶಕ್ತಿಯನ್ನು ನೋಡಿಯೇ ಕೊಡಬೇಕಾದದ್ದು.

ಹಾಗಾದರೆ ತಪ್ಪು ಯಂತ್ರದ್ದೇ? ಅಲ್ಲ, ಚೀಟಿಯದ್ದು. 'ಯುಎಸ್‌ಜಿ ಕೆಯುಬಿ' ಎಂದಷ್ಟೇ ಗೀಚಿದ ಚೀಟಿ ಹಿಡಿದು ಬಂದವರಿಗೆ ಸ್ಕ್ಯಾನ್ ಮಾಡುವವರು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು? ಕ್ಯೂ ಉದ್ದವಿದೆ, ಬಿಡುವಿಲ್ಲ ಎನ್ನುವುದು ಸುಳ್ಳಲ್ಲ. ಆದರೆ ಯಾವ ಕ್ಯಾನ್ಸರ್, ರೇಡಿಯೇಷನ್ ಆಗಿದೆಯೇ, ಸ್ಟೆಂಟ್ ಹಾಕಿ ಎಷ್ಟು ದಿನವಾಯಿತು, ಕ್ರಿಯಾಟಿನಿನ್ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬರೆಯಲು ಒಂದು ನಿಮಿಷ ಸಾಕು. ಊತ ಕಂಡರೆ, ಮೂತ್ರ ಮಾಡಿ ಬಂದ ಮೇಲೆ ಇನ್ನೊಮ್ಮೆ ನೋಡುವುದೂ ದೊಡ್ಡ ಕೆಲಸವಲ್ಲ.

ರಿಪೋರ್ಟೂ ಪ್ರಾಮಾಣಿಕವಾಗಿರಬೇಕು. ಅನುಮಾನ ಉಳಿದಿದ್ದರೆ 'ಊತ ಕಾಣಲಿಲ್ಲ. ಅಡ್ಡಿಯಿಲ್ಲವೆಂದು ಹೇಳಲಾಗದು' ಎಂದು ಬರೆಯಲಿ. ಕಲಬುರಗಿಯಲ್ಲೋ ವಿಜಯಪುರದಲ್ಲೋ ಮಾಡಿಸಿದ ಸ್ಕ್ಯಾನಿನ ಹಾಳೆ ಮುಂಬೈ, ಹೈದರಾಬಾದಿನ ಒಪಿಡಿಗಳಲ್ಲಿ ತೆರೆದುಕೊಳ್ಳುತ್ತದೆ. ಬರೆದವರು ಜೊತೆಗೆ ಹೋಗುವುದಿಲ್ಲ, ಹೋಗುವುದು ಅವರ ಪದ ಮಾತ್ರ. ಕಟ್ಟಿದ ಕಿಡ್ನಿಯನ್ನು ಸಕಾಲದಲ್ಲಿ ಬಿಡಿಸಿದರೆ ಉಳಿಯಬಹುದು, ವಾರಗಟ್ಟಲೆ ಬಿಟ್ಟರೆ ಶಾಶ್ವತವಾಗಿ ಕೆಡಬಹುದು. ಆ ವಾರಗಳನ್ನು 'ನಾರ್ಮಲ್' ಎಂಬ ಒಂದು ಪದ ನುಂಗಬಾರದು.