ಗೆದ್ದವನು ನೀನು, ಓಡಿದ್ದು ಅದು



ಈ ಸಲ ದಂಡಿನ ಮಾರಮ್ಮನ ಜಾತ್ರೆಗೆ ಮೊಮ್ಮಗ ಬೆಂಗಳೂರಿನಿಂದ ಮಧುಗಿರಿಗೆ ಬಂದಿದ್ದ. ಆರನೇ ತರಗತಿ ಹುಡುಗ, ಬಾಯಿ ತುಂಬ ಪ್ರಶ್ನೆ. ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳನ್ನು ನೋಡಿ ಬಂದವನು ರಾತ್ರಿ ಮೊಬೈಲಿನಲ್ಲಿ ಎತ್ತಿನಗಾಡಿ ಓಟದ ವಿಡಿಯೋ ನೋಡುತ್ತ ಕೂತ. ಅದು ಮುಗಿಯಿತು, ಕುದುರೆ ರೇಸಿನದು ಶುರುವಾಯಿತು. ಇದ್ದಕ್ಕಿದ್ದಂತೆ ಕೇಳಿದ:

“ಅಜ್ಜ, ಇವಕ್ಕೆ ಓಡೋದು ಇಷ್ಟಾನಾ? ಇಷ್ಟ ಇದ್ರೆ ಹೊಡೆಯೋದ್ಯಾಕೆ?”

ನಾನು ತಟ್ಟನೆ ಉತ್ತರ ಕೊಡಲಿಲ್ಲ. ಅಟ್ಟದ ಮೇಲಿದ್ದ ಹಿತ್ತಾಳೆ ಬಿಂದಿಗೆ ಇಳಿಸಿಕೊಂಡು ಬಾ ಎಂದೆ. ಅದರ ಕಥೆಯನ್ನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಇವತ್ತು ನಿಮಗೂ ಹೇಳುತ್ತೇನೆ.

ನನಗಾಗ ಹದಿಮೂರು ವರ್ಷ. ನಮ್ಮ ತಂದೆ ಮಧುಗಿರಿಯ ದನಗಳ ಜಾತ್ರೆಯಲ್ಲಿ ಶಿರಾ ಕಡೆಯ ರೈತರೊಬ್ಬರಿಂದ ಒಂದು ಜೊತೆ ಎತ್ತು ಕೊಂಡಿದ್ದರು. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು. ರಾಮ, ಬಸವ ಎಂದು ಹೆಸರಿಟ್ಟೆವು. ಬಸವ ನನ್ನ ಗೆಳೆಯ. ಶಾಲೆಯಿಂದ ಬಂದಾಗ ನನ್ನ ಚೀಲಕ್ಕೇ ಮೂತಿ ಹಾಕುತ್ತಿದ್ದ.

ಆ ವರ್ಷ ಕೊರಟಗೆರೆ ಹತ್ತಿರದ ಒಂದು ಊರಲ್ಲಿ, ಬತ್ತಿದ ಕೆರೆಯಂಗಳದಲ್ಲಿ, ಗಾಡಿ ಓಟ. ತಂದೆಗೆ ಜ್ವರ. ನಾನೇ ಹೊಡೆಯುತ್ತೇನೆಂದು ಹಟ ಹಿಡಿದೆ. ಹೊರಡುವಾಗ ದೊಡ್ಡ ಹುಡುಗನೊಬ್ಬ ತುದಿಗೆ ಮೊಳೆ ಇದ್ದ ಬಾರುಕೋಲು ಕೈಗಿಟ್ಟು, “ಕೊನೇಲಿ ಒಂದೆರಡು ಸಲ ಚುಚ್ಚು, ಹಾರ್ತಾವೆ” ಅಂದ.

ಆ ಓಟದ ಖುಷಿಯನ್ನು ಸುಳ್ಳು ಎನ್ನಲಾರೆ. ಧೂಳು, ತಮಟೆ, ಗಾಳಿಯಲ್ಲಿ ಎಸೆದ ಟವೆಲ್ಲುಗಳು, ಸಾವಿರ ಗಂಟಲಿಂದ “ಹೋ” ಎಂಬ ಕೂಗು. ಕಾಲ ಕೆಳಗೆ ಗಾಡಿ ಹಾರುತ್ತಿದ್ದಂತೆ ಅನಿಸಿತ್ತು. ಕೊನೆಯಲ್ಲಿ ಪಕ್ಕದ ಜೋಡಿ ಮುಂದೆ ಬಂತು. ನಾನು ಚುಚ್ಚಿದೆ. ಒಂದೆರಡು ಸಲ ಅಲ್ಲ, ಎಷ್ಟು ಸಲವೋ ನೆನಪಿಲ್ಲ. ಗೆದ್ದೆವು. ಹಿತ್ತಾಳೆ ಬಿಂದಿಗೆ ಬಹುಮಾನ ಬಂತು.

ಮನೆಗೆ ಬಂದಾಗ ಕತ್ತಲು. ತಂದೆ ಲಾಟೀನು ಹಿಡಿದು ಎತ್ತುಗಳ ಮೈ ಸವರಿದರು. ಬಸವನ ತೊಡೆಯ ಹತ್ತಿರ ಕೈ ನಿಂತಿತು. ಅಂಗೈಯಲ್ಲಿ ರಕ್ತ. ನನ್ನನ್ನು ಬೈಯಲಿಲ್ಲ. ಬಿಸಿನೀರು ತಂದು ತೊಳೆದು, ಅರಿಸಿನ ಎಣ್ಣೆ ಹಚ್ಚಿ, “ಗೆದ್ದವನು ನೀನು. ಓಡಿದ್ದು ಅದು” ಅಂದರು. ಅಷ್ಟೇ. ಅವರು ಬದುಕಿರುವವರೆಗೆ ಆ ಬಿಂದಿಗೆಯ ನೀರು ಕುಡಿಯಲಿಲ್ಲ. ಬಸವ ಎಷ್ಟೋ ದಿನ ನನ್ನ ಚೀಲಕ್ಕೆ ಮೂತಿ ಹಾಕಲಿಲ್ಲ. ನಾನು ಹತ್ತಿರ ಹೋದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಮೊಮ್ಮಗ ಬಿಂದಿಗೆಯನ್ನೇ ನೋಡುತ್ತ ಸುಮ್ಮನಾದ. ಆಮೇಲೆ, “ಕುದುರೆಗೂ ಹಾಗೇನಾ?” ಅಂದ.

ಕುದುರೆಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. 1761ರಲ್ಲಿ ಹೈದರಾಲಿಗೆ ‘ಶಿರಾದ ನವಾಬ’ ಎಂಬ ಬಿರುದು ಬಂತು. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕುದುರೆ ಸಾಕುವ ಫಾರಂ ಶುರುವಾಯಿತು. ಆಗ ದಂಡಿಗೆ ಕುದುರೆ ಬೇಕಿತ್ತು. ದಂಡಿಗೆ ಕುದುರೆ ಬೇಡವಾದ ಮೇಲೆ ಅದೇ ಹುಲ್ಲುಗಾವಲಿನಲ್ಲಿ ರೇಸ್ ಕುದುರೆಗಳು ಬೆಳೆದವು. ಇವು ಥರೋಬ್ರೆಡ್ ತಳಿ. ಸುಮಾರು 300 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಓಟಕ್ಕೆಂದೇ ರೂಪಿಸಿದ್ದು.

ಮರಿಗಳನ್ನು ಹುಲ್ಲುಗಾವಲಿನಲ್ಲಿ ಬಿಟ್ಟರೆ ತಾವೇ ಪಂದ್ಯ ಕಟ್ಟಿಕೊಂಡು ಓಡುತ್ತವೆ. ನಮ್ಮ ಕರುಗಳೂ ಸಂಜೆ ಬಾಲ ಎತ್ತಿ ಮನೆಗೆ ಓಡಿ ಬರುವುದಿಲ್ಲವೇ? ಆದ್ದರಿಂದ ಓಟ ಇಷ್ಟವೇ ಎಂದರೆ ಹೌದು, ಇಷ್ಟ. ಆದರೆ ಸಾಕು ಅನಿಸಿದಾಗ ಕರು ನಿಲ್ಲುತ್ತದೆ. ರೇಸಿನ ಕುದುರೆಗೆ ಆ ಸ್ವಾತಂತ್ರ್ಯವಿಲ್ಲ.

ರೇಸ್ ಕುದುರೆ ಸುಮಾರು 450ರಿಂದ 500 ಕಿಲೋ ತೂಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತದೆ. ನಾಗಾಲೋಟದಲ್ಲಿ ಕೆಲವು ಕ್ಷಣ ಒಂದೇ ಕಾಲು ಎಲ್ಲ ಭಾರ ಹೊರಬೇಕು. ಮೊಣಕಾಲಿನ ಕೆಳಗೆ ಮಾಂಸವೇ ಇಲ್ಲ, ಬರೀ ಮೂಳೆ, ನರ. ಅದು ಕೆಟ್ಟದಾಗಿ ಮುರಿದರೆ ನಮ್ಮಂತೆ ತಿಂಗಳುಗಟ್ಟಲೆ ಮಲಗಿ ವಾಸಿ ಮಾಡಿಕೊಳ್ಳಲು ಆಗದು. ಉಳಿದ ಮೂರು ಕಾಲಿನ ಮೇಲೆ ಭಾರ ಬಿದ್ದು ಅವೂ ಕೆಡುತ್ತವೆ. ಅದಕ್ಕೇ ಎಷ್ಟೋ ಸಲ ವೈದ್ಯರು ನೋವಿಲ್ಲದ ಸಾವು ಕೊಡಬೇಕಾಗುತ್ತದೆ. ಮೇಲೆ ಕೂತ ಜಾಕಿಯೂ ಬಿದ್ದರೆ ಅವನ ಪ್ರಾಣಕ್ಕೂ ಕುತ್ತು.

ಚಾಟಿಯ ವಿಷಯ ಕೇಳಿ. ನಾರ್ವೆ ದೇಶ 1982ರಲ್ಲೇ ಓಡಿಸಲು ಚಾಟಿ ಬೀಸುವುದನ್ನು ನಿಷೇಧಿಸಿತು. ಬ್ರಿಟನ್ನಿನಲ್ಲಿ ಚಾಟಿ ಬೀಸಿದ ರೇಸುಗಳನ್ನೂ ಬೀಸದ ರೇಸುಗಳನ್ನೂ ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಓಟದ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಓದಿದಾಗ ನನಗೆ ಬಸವನ ನೆನಪಾಯಿತು. ಚುಚ್ಚದೇ ಇದ್ದರೂ ಗೆಲ್ಲುತ್ತಿದ್ದೆವೇನೋ.

ರೇಸು ಪ್ರಾಣಿಗೆ ಮಾತ್ರ ನೋವು ಕೊಡುವುದಿಲ್ಲ. ನನ್ನ ಸೋದರಮಾವ ಪಾವಗಡದವರು. ಮಳೆ ನಂಬಿ ಕಡಲೆಕಾಯಿ ಬೆಳೆಯುತ್ತಿದ್ದರು. ಒಮ್ಮೆ ಬೆಂಗಳೂರಿಗೆ ಹೋದಾಗ ಯಾರೋ ರೇಸಿಗೆ ಕರೆದೊಯ್ದರು. ಮೊದಲ ದಿನವೇ ಗೆದ್ದರು. ಅದೇ ಕೆಟ್ಟದ್ದಾಯಿತು. ಗೆದ್ದ ದಿನದ ಕಥೆ ಹತ್ತು ಸಲ ಹೇಳುತ್ತಿದ್ದರು. ಸೋತ ದಿನ ಕೇಳಿದರೆ “ಬಸ್ಸು ಲೇಟು” ಅನ್ನುತ್ತಿದ್ದರು. ಅತ್ತೆಯ ಸರ ಹೋಯಿತು, ಎರಡೆಕರೆ ಹೊಲ ಹೋಯಿತು, ಅವರ ಮಗ ಶಾಲೆ ಬಿಟ್ಟ.

1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನು ಕೌಶಲದ ಆಟ ಎಂದಿತು. ಕುದುರೆಯ, ಜಾಕಿಯ ಕೌಶಲ ನಿಜ. ಆದರೆ ಪುಟಾಣಿಗಳೇ, ಲೆಕ್ಕ ಮಾಡಿ. ಹತ್ತು ಜನ ತಲಾ 10 ರೂಪಾಯಿ ಕಟ್ಟಿದರು, 100 ಆಯಿತು. ಹಂಚುವ ಮೊದಲೇ ತೆರಿಗೆ, ನಡೆಸುವವರ ಪಾಲು ಹೋಗುತ್ತದೆ. ಲೆಕ್ಕಕ್ಕೆಂದು 25 ಎನ್ನಿ. ಉಳಿದ 75 ರೂಪಾಯಿಯನ್ನು ಹೇಗೆ ಹಂಚಿದರೂ ಹತ್ತು ಜನಕ್ಕೆ ಒಟ್ಟಿನಲ್ಲಿ ನಷ್ಟವೇ. ಮಾವ ಕುದುರೆಯ ವಂಶಾವಳಿ ಬಾಯಿಪಾಠ ಮಾಡಿದ್ದರು, ಈ ಕಳೆಯುವ ಲೆಕ್ಕ ಮಾಡಲಿಲ್ಲ.

ಮತ್ತೆ ಎತ್ತಿನ ಓಟಕ್ಕೆ ಬರೋಣ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಲ್ಲಿಸಿತು. ಎತ್ತಿನ ದೇಹ ಕುದುರೆಯದರಂತೆ ಓಟಕ್ಕೆ ಆದದ್ದಲ್ಲ ಎಂಬುದೂ ಒಂದು ಕಾರಣ. 2017ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. ಅನಗತ್ಯ ನೋವು ಕೊಡಕೂಡದು ಎಂಬ ಷರತ್ತಿದೆ. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು.

“ಟ್ರ್ಯಾಕ್ಟರ್ ಬಂದ ಮೇಲೆ ಓಟ ಇರೋದರಿಂದಲೇ ಹಳ್ಳಿಕಾರ್ ಸಾಕ್ತಿದ್ದೀವಿ” ಎಂದು ನಮ್ಮೂರ ಯುವಕರು ಹೇಳುತ್ತಾರೆ. ಆ ಮಾತಿನಲ್ಲೂ ಸತ್ಯವಿದೆ. ಅವರು ಎತ್ತಿಗೆ ಹುರುಳಿ ಬೇಯಿಸಿ ತಿನ್ನಿಸುವುದನ್ನು ಕಂಡಿದ್ದೇನೆ. ಓಟವೇ ಬೇಡ ಎನ್ನುವವರ ಮಾತನ್ನೂ ತಳ್ಳಿಹಾಕಲಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಹೊಡೆಯದೆ, ಚುಚ್ಚದೆ, ಬಾಲ ತಿರುಚದೆ, ಬಾಜಿ ಕಟ್ಟದೆ ಓಡಿಸುವುದಾದರೆ ಬಂದು ನೋಡುತ್ತೇನೆ. ಮೊಳೆ ಕಂಡರೆ ಎದ್ದು ಬರುತ್ತೇನೆ. ಸುಮ್ಮನೆ ಬರುವುದಿಲ್ಲ, ನಡೆಸುವವರಿಗೆ ಹೇಳಿ ಬರುತ್ತೇನೆ. ಎತ್ತಿಗೆ “ಸಾಕು” ಎನ್ನಲು ಬಾಯಿಲ್ಲ. ನೋಡುವ ನಮಗಿದೆ.

ಮಾರನೆಯ ಬೆಳಿಗ್ಗೆ ಮೊಮ್ಮಗ ಹುಣಸೆಹಣ್ಣು ಹಚ್ಚಿ ಬಿಂದಿಗೆ ಉಜ್ಜುತ್ತ ಕೂತಿದ್ದ. ಅದರ ತುಂಬ ನೀರು ಹೊತ್ತು ಪಕ್ಕದ ಮನೆಯ ಎತ್ತುಗಳ ಬಾನಿಗೆ ಸುರಿದ. ಎತ್ತು ಕುಡಿಯುವವರೆಗೂ ಅಲ್ಲೇ ನಿಂತಿದ್ದ.

“ಅಜ್ಜ, ಬಸವ ಆಮೇಲೆ ನಿಮ್ಮ ಜೊತೆ ಸೇರಿದ್ನಾ?”

“ಸೇರಿದ. ಯುಗಾದಿ ದಾಟಿದ ಮೇಲೆ, ಒಂದು ಸಂಜೆ, ಚೀಲಕ್ಕೆ ಮೂತಿ ಹಾಕಿದ.”

ಪುಟಾಣಿಗಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಅಜ್ಜ ಅಜ್ಜಿಯ ಮನೆಯಲ್ಲಿದ್ದ ಎತ್ತು, ಹಸು, ಕುದುರೆಗಳ ಹೆಸರೇನು ಎಂದು ಕೇಳಿ ಬರೆದಿಡಿ. ಅಜ್ಜ ಅಜ್ಜಿಯರೇ, ಕೇಳಿದಾಗ ಗೆದ್ದ ಕಥೆಯ ಜೊತೆಗೆ ಇನ್ನೊಂದು ಕಥೆಯನ್ನೂ ಹೇಳಿಬಿಡಿ.