ಧೂಪದಾಳದ ಜೊಂಡಿಗೂ ಒಂದು ಪಾಲು

ಗೋಕಾಕ-ಹುಕ್ಕೇರಿ ಸೀಮೆಯ ಘಟಪ್ರಭಾ ಪಕ್ಷಿಧಾಮ 1974ರಲ್ಲಿ ಘೋಷಿತವಾಯಿತು. ಅದರ ವಿಸ್ತೀರ್ಣ ಸುಮಾರು 29.78 ಚದರ ಕಿಲೋಮೀಟರ್. ಅದಕ್ಕೆ ಜೀವಾಳವಾದ ಧೂಪದಾಳದ ಒಡ್ಡನ್ನಾದರೋ 19ನೇ ಶತಮಾನದ ಅಂತ್ಯದಲ್ಲಿ ನೀರಾವರಿಗೆಂದು ಕಟ್ಟಲಾಯಿತು. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆಯನ್ನು ಗೋಕಾಕ, ಮೂಡಲಗಿ ಭಾಗದ ಕೃಷಿ ನಂಬಿಕೊಂಡಿದೆ. ಹೀಗಿರುವಾಗ, ಹೂಳಿನ ಮೇಲೆ ಹಬ್ಬುವ ಜೊಂಡು ರೈತನಿಗೆ ನೀರಿನ ಜಾಗ ಕಬಳಿಸುವ ಕಳೆಯಾಗಿ ಕಾಣುವುದು ಸಹಜ.

ಆದರೆ ಜಂಬುಕೋಳಿ, ನೀರುಕೋಳಿಗಳು ಗೂಡು ಕಟ್ಟುವುದು ಇಂಥ ಜೊಂಡಿನ ಮರೆಯಲ್ಲೇ. ಕಬ್ಬಿನ ಗದ್ದೆಗಳಿಂದ ಹರಿದುಬರುವ ಸಾರಜನಕ, ರಂಜಕಗಳನ್ನು ಹೀರಿಕೊಳ್ಳುವುದೂ ಅದೇ. ಈ ಸೇವೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ; ಆದ್ದರಿಂದಲೇ ಸರ್ಕಾರಿ ಲೆಕ್ಕಪತ್ರದಲ್ಲಿ ಅದಕ್ಕೆ ಜಾಗವೂ ಇಲ್ಲ.

ಪರಿಹಾರ ದುಬಾರಿಯಲ್ಲ. ಕಾಲುವೆಯ ಮುಖ ಹಾಗೂ ನದಿಯ ಮುಖ್ಯ ಹರಿವಿನಲ್ಲಿ ಹೂಳೆತ್ತಲಿ. ಅಂಚಿನ ಆಳವಿಲ್ಲದ ನೀರಿನಲ್ಲಿ ಜೊಂಡಿಗೆ ಗಡಿ ಗುರುತಿಸಲಿ. ಹಾಗೆಯೇ ಬಿಟ್ಟರೆ ಅದರ ಒಣಕಸವೇ ನೆಲವನ್ನು ಏರಿಸೀತು. ಆದ್ದರಿಂದ ವರ್ಷಕ್ಕೊಂದು ಭಾಗದಂತೆ, ಗೂಡಿನ ಕಾಲ ಮುಗಿದ ಬಳಿಕ ಕೊಯ್ದು ಹೊರಸಾಗಿಸಬೇಕು. ಮೇಲ್ಭಾಗದ ಹಿಡಕಲ್ ಅಣೆಕಟ್ಟೆಯಿಂದ ನೀರು ಬಿಡುವಾಗ ಗೂಡುಗಳು ಮುಳುಗದಂತೆ ಸಾಧ್ಯವಾದಷ್ಟು ಎಚ್ಚರ ವಹಿಸಬೇಕು.

ಇದಕ್ಕೆ ಅರಣ್ಯ ಮತ್ತು ನೀರಾವರಿ ಇಲಾಖೆಗಳು ಒಂದೇ ನಕ್ಷೆಯ ಮುಂದೆ ಕೂರಬೇಕಾದುದು ಅಗತ್ಯ. ಒಬ್ಬರು ಬೆಳೆಸಿದ್ದನ್ನು ಇನ್ನೊಬ್ಬರು ಕಿತ್ತರೆ ಖರ್ಚು ಎರಡು, ಫಲ ಶೂನ್ಯ.